ಬಿಳಿ ಅಂಚಿನ ಮೆಟ್ಟಿಲು

ನಮ್ಮ ಮನೆಗೆ ಬೀದಿಯ ಕಡೆ ಎರಡು ಬಾಗಿಲು. ಎರಡಕ್ಕೂ ಬೇರೆ ಬೇರೆ ಕಲ್ಲಿನ ಮೆಟ್ಟಿಲು, ನಡುವೆ ಒಂದು ತುಳಸಿಕಟ್ಟೆ. ಅಪ್ಪ ಧಾರವಾಡದ ಕಡೆಯಿಂದ ಬಂದು ಯಲಹಂಕದ ಮಿಲ್ಲಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವರು. ಯಲಹಂಕದ ಹಳೇ ಊರಿನಲ್ಲಿ ಮನೆ ಕಟ್ಟಿಸುವಾಗ, ತಮ್ಮನೂ ಒಂದಲ್ಲ ಒಂದು ದಿನ ಬಂದು ಗೋಡೆಗೆ ಗೋಡೆ ತಾಗಿಸಿಕೊಂಡು ಬಾಳುತ್ತಾನೆ ಎಂದು ನಂಬಿ ಎರಡು ಭಾಗ ಮಾಡಿಸಿದ್ದರು. ಚಿಕ್ಕಪ್ಪ ಊರು ಬಿಟ್ಟು ಬರಲೇ ಇಲ್ಲ. ಬಲಗಡೆ ನಾವು ನಾಲ್ವರು, ಅಪ್ಪ, ಅಮ್ಮ, ಅಪ್ಪನ ತಾಯಿ ಮತ್ತು ನಾನು. ಎಡಗಡೆಯದು ಖಾಲಿ ಬಿದ್ದು ಅಜ್ಜಿಯ ಸಂಡಿಗೆ, ಒಣಮೆಣಸಿನಕಾಯಿ ಹರವುವ ಜಾಗವಾಗಿತ್ತು. ನಮ್ಮದೆಂದರೆ ಒಂದು ಪಡಸಾಲೆ, ನಡುಮನೆ, ಅಡುಗೆಮನೆ, ಅದರ ಮೂಲೆಯಲ್ಲೇ ದೇವರ ಗೂಡು, ಹಿಂದೆ ಬಚ್ಚಲಲ್ಲಿ ಹೊಗೆ ತಿಂದು ಕಪ್ಪಾದ ತಾಮ್ರದ ಹಂಡೆ. ಮಳೆಗೆ ಸೋರುತ್ತಿರಲಿಲ್ಲ, ನಲ್ಲಿ ಅಂಗಳದಲ್ಲೇ ಇತ್ತು. ದೇವರು ಅಷ್ಟನ್ನು ಕೊಟ್ಟಿದ್ದ, ಅದಕ್ಕಿಂತ ಹೆಚ್ಚು ಬೇಕೆಂದು ನಮಗೆ ಅನ್ನಿಸಿಯೂ ಇರಲಿಲ್ಲ.

ಆ ಮನೆಯ ಕೋಣೆಗಳಲ್ಲೆಲ್ಲ ದೊಡ್ಡದು ಯಾವುದೆಂದು ಕೇಳಿದರೆ ನಾನು ಹೊಸ್ತಿಲು ಅನ್ನುತ್ತೇನೆ. ಒಂದು ಗೇಣು ಅಗಲದ ಆ ಮರದ ತುಂಡಿನ ಮೇಲೆ ಅಜ್ಜಿಯ ಅರ್ಧ ಸಂವಿಧಾನ ನಿಂತಿತ್ತು. ಅದರ ಮೇಲೆ ಕೂರಬಾರದು, ಅಲ್ಲಿ ನಿಂತು ಸೀನಬಾರದು, ಅದರ ಆಚೆಯಿಂದ ಯಾರಿಗೂ ಏನನ್ನೂ ಕೊಡಬಾರದು. ಬೆಳಿಗ್ಗೆ ಎದ್ದೊಡನೆ ಅಮ್ಮ ಸಾರಿಸಿ, ರಂಗೋಲಿ ಹಾಕಿ, ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟ ಮೇಲೆಯೇ ಒಲೆಗೆ ಬೆಂಕಿ. ಎಲ್ಲಕ್ಕಿಂತ ಗಟ್ಟಿಯಾದ ಕಟ್ಟಳೆ ಇನ್ನೊಂದಿತ್ತು. ಮನೆಯಿಂದ ಯಾರಾದರೂ ಹೊರಟರೆ ಅವರ ಬೆನ್ನ ಹಿಂದೆಯೇ ಕಸ ಗುಡಿಸಬಾರದು, ಬಾಗಿಲಿಗೆ ನೀರು ಹಾಕಿ ತೊಳೆಯಬಾರದು. ಹೆಣ ಸಾಗಿಸಿದ ಮೇಲೆ ಮಾತ್ರ ಹಾಗೆ ತೊಳೆಯುವುದು. ತಿರುಗಿ ಬರಬೇಕಾದವರ ಹೆಜ್ಜೆಯನ್ನು ಯಾರಾದರೂ ಅಳಿಸುತ್ತಾರೆಯೇ? ನಾನು ಶಾಲೆಗೆ ಹೊರಟರೂ ಬೀದಿಯ ತಿರುವು ದಾಟಿ ಬಹಳ ಹೊತ್ತಾದ ಮೇಲೆಯೇ ಅಮ್ಮ ಪೊರಕೆ ಮುಟ್ಟುತ್ತಿದ್ದುದು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಎಡಗಡೆಯ ಭಾಗಕ್ಕೆ ಇಂಗ್ಲೆಂಡಿನವರು ಬಂದರು. ಗಂಡ ಫ್ರ್ಯಾಂಕ್, ಹೆಂಡತಿ ಡೋರಿನ್. ಇಬ್ಬರೂ ನಲವತ್ತು ದಾಟಿದವರು, ಮಕ್ಕಳಿಲ್ಲ. ಅವರ ಊರಿನ ಬಟ್ಟೆ ಮಿಲ್ಲು ಮುಚ್ಚಿಹೋಗಿ ಅಲ್ಲಿನ ಮಗ್ಗಗಳನ್ನು ನಮ್ಮ ಮಿಲ್ಲಿನವರು ಕೊಂಡಿದ್ದರು. ಚಿಕ್ಕಂದಿನಿಂದ ಆ ಮಗ್ಗಗಳ ಹೊಟ್ಟೆಯೊಳಗೇ ಕೈಯಾಡಿಸಿದ್ದ ಫ್ರ್ಯಾಂಕ್ ಅವನ್ನು ಇಲ್ಲಿ ಕೂರಿಸಿಕೊಡಲು ಬಂದ. ಅಲ್ಲಿಗೆ ಹಿಂದಿರುಗಿದರೆ ಕೆಲಸವಿಲ್ಲ. ಮಗ್ಗಗಳ ಜೊತೆ ತಾನೂ ಇಲ್ಲೇ ಉಳಿಯುತ್ತೇನೆಂದು ನಿಶ್ಚಯಿಸಿ ಹೆಂಡತಿಯನ್ನೂ ಕರೆಸಿಕೊಂಡ. ಆದರೆ ಮನೆ ಸಿಗಲಿಲ್ಲ. ದನ ತಿನ್ನುವವರೆಂದು ಕೊಡಿಗೇಹಳ್ಳಿಯಲ್ಲಿ ಒಬ್ಬರು ಅಡ್ವಾನ್ಸ್ ಹಿಂದಕ್ಕೆ ಕೊಟ್ಟರಂತೆ, ಹೆಬ್ಬಾಳದಲ್ಲಿ ಇನ್ನೊಬ್ಬರು ಬಿಳಿಯರೆಂದು ಬಾಡಿಗೆಯನ್ನು ಮೂರು ಪಟ್ಟು ಮಾಡಿದರಂತೆ. ಅಪ್ಪ ಈ ಸುದ್ದಿಯನ್ನು ಊಟದ ಹೊತ್ತಿಗೆ ತಂದರು. ಅಜ್ಜಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ದೊರೆಗಳನ್ನ ನಮ್ಮ ಮನ್ಯಾಗ ಇಟಗೋಬೇಕಂತೀ ಏನು?"

"ದೊರೆ ಎಲ್ಲೀಂವಾ ಅವ್ವಾ, ಮೈಗೆಲ್ಲ ಗ್ರೀಸ್ ಬಳಕೊಂಡು ಮಗ್ಗದ ಬುಡಕ ಮಲಗಿರ್ತಾನ. ನಾವು ಬಂದಾಗ ನಮ್ಮ ಮಾತು ಕೇಳಿ ಈ ಊರವ್ರು ನಗಲಿಲ್ಲೇನು? ಜೋಳದ ಹಿಟ್ಟು ಸಿಗೂದಿಲ್ಲಂತ ನೀನು ಅತ್ತಿದ್ದಿ. ಅವ್ರೂ ಹಂಗ."

"ಮನ್ಯಾಗ ಮಾಂಸ ಬೇಯಸಬಾರದು."

"ಒಪ್ಪ್ಯಾರ."

"ಹಂಗಾರ ಬರಲಿ. ನನ್ನ ಸಂಡಿಗಿಗೆ ಬ್ಯಾರೆ ಜಾಗ ತೋರಸು."

ಬಂದವರು ಪಟ್ಟ ಪಾಡನ್ನು ನಾನು ತುಳಸಿಕಟ್ಟೆಯ ಮರೆಯಲ್ಲಿ ನಿಂತು ನೋಡಿದ್ದೇನೆ. ಡೋರಿನ್‌ಗೆ ಅವರ ಊರಲ್ಲಿ ಸೋಮವಾರವೇ ಬಟ್ಟೆ ಒಗೆಯುವ ದಿನವಂತೆ. ನಮ್ಮ ನಲ್ಲಿ ಸೋಮವಾರ ಬಾಯಿ ಬಿಡುತ್ತಿರಲಿಲ್ಲ. ಪಾಪ, ಬಟ್ಟೆಯ ಗಂಟನ್ನು ನಲ್ಲಿಯ ಮುಂದೆ ಇಟ್ಟುಕೊಂಡು, ನೆಂಟರ ದಾರಿ ಕಾಯುವವಳಂತೆ ಕೂತಿರುತ್ತಿದ್ದಳು. ಆಲೂಗಡ್ಡೆ ಬೇಯಿಸಿ, ಉಪ್ಪು ಉದುರಿಸಿ, ಅದನ್ನೇ ಊಟ ಅನ್ನುತ್ತಿದ್ದಳು. ಅಮ್ಮ ಮರುಕಪಟ್ಟು ಒಂದು ಬಟ್ಟಲು ಪಲ್ಯ ಕಳಿಸಿದರೆ ಫ್ರ್ಯಾಂಕ್ ಕಣ್ಣು ಮೂಗಲ್ಲೆಲ್ಲ ನೀರು ಸುರಿಸಿಕೊಂಡು ಅದನ್ನು ತಿಂದು, ಮರುದಿನ ಬಟ್ಟಲನ್ನು ತಾನೇ ಬೆಳಗಿ ತಂದುಕೊಟ್ಟು, ಇನ್ನೂ ಇದೆಯೇ ಎಂಬಂತೆ ಬಾಗಿಲಲ್ಲೇ ನಿಲ್ಲುತ್ತಿದ್ದ. ಕನ್ನಡವನ್ನು ಅವಳು ಕಲಿತದ್ದು ನಮ್ಮಿಂದಲ್ಲ. ಪಕ್ಕದ ಹಳ್ಳಿಯಿಂದ ಹಾಲು ತರುತ್ತಿದ್ದ ಮುನಿಯಮ್ಮನಿಂದ. ಮುನಿಯಮ್ಮನ ಬಾಯಲ್ಲಿ ಹಾಲು 'ಆಲು', ಹಸು 'ಅಸ'. ಡೋರಿನ್ ಊರಿನವರೂ ಅವರ ಇಂಗ್ಲಿಷಿನಲ್ಲಿ ಹಕಾರ ನುಂಗುವವರೇ ಎಂದು ಅಪ್ಪ ಹೇಳುತ್ತಿದ್ದರು. ಇಬ್ಬರಿಗೂ ಚೆನ್ನಾಗಿ ಕೂಡಿಬಂತು.

"ಆಲು ನೀರು ಐತೆ," ಅನ್ನುವಳು ಡೋರಿನ್, ಪಾತ್ರೆಯನ್ನು ಓರೆ ಮಾಡಿ ನೋಡುತ್ತ.

"ನಿಮ್ಮವ್ವನ್, ಬಂದು ಆರು ತಿಂಗಳಾಗಿಲ್ಲ, ಇಂಗೆ ಮಾತಾಡೋದು ಕಲ್ತವಳೆ ನೋಡು ದೊರೆಸಾನಿ!" ಎಂದು ಮುನಿಯಮ್ಮ ನಕ್ಕು ಇನ್ನೊಂದು ಗುಟುಕು ಹಾಲು ಸುರಿಯುವಳು.

ಆದರೆ ಬೀದಿಯವರೆಲ್ಲ ನಿಂತು ನೋಡಿದ್ದು ಅವಳ ಮೆಟ್ಟಿಲನ್ನು. ಬಂದ ಮರುದಿನ ಬೆಳಿಗ್ಗೆ ಫ್ರ್ಯಾಂಕ್ ಅಪ್ಪನ ಜೊತೆ ಮಿಲ್ಲಿನ ಕಡೆ ಹೆಜ್ಜೆ ಹಾಕಿದ್ದೇ ತಡ, ಡೋರಿನ್ ತಲೆಗೊಂದು ಬಟ್ಟೆ ಕಟ್ಟಿ, ಬಕೆಟ್ಟು ಬ್ರಷ್ಷು ಹಿಡಿದು ಹೊರಗೆ ಬಂದಳು. ಮಂಡಿಯೂರಿ ಕೂತು ಹೊಸ್ತಿಲಿನಿಂದ ಬೀದಿಯವರೆಗೆ ಕಲ್ಲನ್ನು ತಿಕ್ಕಿದಳು. ನೀರು ಆರುವ ಮೊದಲೇ ಸೋಪಿನಷ್ಟು ಗಾತ್ರದ ಒಂದು ಮೆದು ಕಲ್ಲನ್ನು ಪ್ರತಿ ಮೆಟ್ಟಿಲಿನ ಅಂಚಿಗೂ ಒತ್ತಿ ಎಳೆದಳು. ಒಣಗಿದಾಗ ಮೆಟ್ಟಿಲಿಗೆ ಕೆನೆಬಿಳಿಯ ಅಂಚು ಕಟ್ಟಿದ ಹಾಗಾಯಿತು. ಆಮೇಲೆ, ಪುಣ್ಯಾತ್ಗಿತ್ತಿ, ನಮ್ಮ ಕಡೆಗೂ ಬಂದು ಅಮ್ಮ ಹಾಕಿದ್ದ ರಂಗೋಲಿಯನ್ನು ಯಾವುದೋ ಮಗು ಗೀಚಿದ್ದೆಂದು ತಿಳಿದು ಅದನ್ನೂ ನೀಟಾಗಿ ತೊಳೆದುಬಿಟ್ಟಳು. ಅಂದು ಸಂಜೆ ಅಪ್ಪ ಮೆಲ್ಲಗೆ ಇಂಗ್ಲಿಷಿನಲ್ಲಿ ತಿಳಿಹೇಳಿದರು. ಅವಳು ನಾಚಿ ಕೆಂಪಗಾಗಿ ಅಮ್ಮನ ಕೈ ಹಿಡಿದುಕೊಂಡಳು. ಅಲ್ಲಿಂದ ಮುಂದೆ ಬಕೆಟ್ಟು ಹಿಡಿದು ತುಳಸಿಕಟ್ಟೆ ದಾಟಿ ಈಚೆ ಬರಲಿಲ್ಲ. ಅವರ ಊರಲ್ಲಿ ಮಿಲ್ಲಿನ ಕೆಲಸಗಾರರ ಮನೆಗಳೆಲ್ಲ ಸಾಲಾಗಿ, ಬಾಗಿಲು ತೆರೆದರೆ ಬೀದಿಗೇ ಇರುತ್ತವಂತೆ. ಮೆಟ್ಟಿಲು ತೊಳೆಯದ ಹೆಂಗಸಿಗೆ ಆ ಬೀದಿಯಲ್ಲಿ ಮರ್ಯಾದೆ ಇಲ್ಲವಂತೆ. ಅಮ್ಮನಿಗೆ ಇದು ಕೂಡಲೇ ಅರ್ಥವಾಯಿತು. "ಅವ್ರಿಗೂ ರಂಗೋಲಿ ಅದ, ಒಂದೇ ಗೆರಿ ಎಳೀತಾರ ಅಷ್ಟ," ಅಂದರು.

ಅಜ್ಜಿಗೆ ಅರ್ಥವಾಗದೆ ಹೋದದ್ದು ತೊಳೆಯುವುದಲ್ಲ, ತೊಳೆಯುವ ಹೊತ್ತು. ಗಂಡ ಬೆನ್ನು ತಿರುಗಿಸಿದ ಕೂಡಲೇ ಬಕೆಟ್ಟು! ದಿನಾ ಬೆಳಿಗ್ಗೆ ಅಜ್ಜಿ ಕಣ್ಣು ಮುಚ್ಚಿಕೊಂಡು "ನಾರಾಯಣ, ನಾರಾಯಣ" ಅನ್ನುವರು. ಹೇಳಿಬಿಡೋಣವೆಂದರೆ ಅಂಥ ಕೆಟ್ಟ ಮಾತನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಹೇಳಿದರೆ ಅದೇ ಇನ್ನೊಂದು ಅಪಶಕುನ. ಕೊನೆಗೆ ಅಜ್ಜಿ ತಮ್ಮದೇ ಒಂದು ದಾರಿ ಕಂಡುಕೊಂಡರು. ದೇವರ ಗೂಡಿನಲ್ಲಿ ನಮ್ಮ ನಂದಾದೀಪದ ಪಕ್ಕ ಒಂದು ಪುಟ್ಟ ಮಣ್ಣಿನ ಹಣತೆ ಬಂದು ಕೂತಿತು.

"ಇದು ಯಾರದು ಅಜ್ಜಿ?"

"ಆ ಫ್ರ್ಯಾಂಕಂದು. ಅಕಿ ಮುಂಜಾನೆದ್ದು ಅಂವನ್ನ ಹೆಣಾ ಕಳಿಸಿಧಂಗ ಕಳಸ್ತಾಳ. ಅಂವ ಸಂಜಿಗೆ ಜೀವಂತ ಬರಬೇಕಲ್ಲ? ಅಕಿ ಗಂಡನ್ನ ಕಾಯೂದು ನನ್ನ ಪಾಲಿಗೆ ಬಂದದ ನೋಡು."

ಹೀಗೆ ಧಾರವಾಡದ ಒಬ್ಬ ಮುದುಕಿ ಎಳ್ಳೆಣ್ಣೆ ಸುರಿದು ಅವನ ಆಯಸ್ಸನ್ನು ದಿನದಿನವೂ ಮುಂದಕ್ಕೆ ಹಾಕುತ್ತಿದ್ದಾಳೆಂದು ತಿಳಿಯದೆ ಫ್ರ್ಯಾಂಕ್ ಸಂಜೆ ಸಿಳ್ಳೆ ಹಾಕುತ್ತ ಮನೆಗೆ ಬರುತ್ತಿದ್ದ. ಅಜ್ಜಿ ಕಿಟಕಿಯಿಂದ ಅವನನ್ನು ನೋಡಿ, "ಬಂದ," ಎಂದು ನಿಟ್ಟುಸಿರು ಬಿಟ್ಟು ಒಳಗೆ ಹೋಗುವರು.

ಎರಡನೆಯ ವರ್ಷ ಅಮ್ಮ ಬಸುರಾದರು. ನನ್ನ ನಂತರ ನಿಂತ ಗರ್ಭಗಳು ಉಳಿದಿರಲಿಲ್ಲ. ಹಾಗಾಗಿ ಆ ಒಂಬತ್ತು ತಿಂಗಳೂ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಅಜ್ಜಿ ಶನಿವಾರದ ಉಪವಾಸದ ಜೊತೆಗೆ ಸೋಮವಾರದ್ದನ್ನೂ ಸೇರಿಸಿಕೊಂಡರು. ಡೋರಿನ್ ಅಮ್ಮನ ಕೈಯಿಂದ ಕೊಡ ಕಿತ್ತುಕೊಂಡು ತಾನೇ ನೀರು ತಂದು ಹೊಸ್ತಿಲ ಈಚೆ ಇಟ್ಟು ಹೋಗುತ್ತಿದ್ದಳು. ಅಡುಗೆಮನೆಗೆ ಬರಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಆದರೂ ಬರುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಅಪ್ಪ, ಫ್ರ್ಯಾಂಕ್ ಮಿಲ್ಲಿಗೆ ಹೋಗಿ ಆಗಿತ್ತು. ಮುನಿಯಮ್ಮನಿಂದ ಹಾಲು ಹಾಕಿಸಿಕೊಳ್ಳಲು ಮೆಟ್ಟಿಲಿಳಿದ ಅಮ್ಮ ಅಲ್ಲೇ ಗೋಡೆ ಹಿಡಿದು ನಿಂತುಬಿಟ್ಟರು. ಬಸಿರ ನೀರು ಒಡೆದು ಮೆಟ್ಟಿಲ ಮೇಲೆಲ್ಲ ಹರಿಯಿತು, ಅದರಲ್ಲಿ ಕೆಂಪೂ ಇತ್ತು. ಎದುರುಮನೆಯ ಗಂಡಸರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಡೋರಿನ್ ಓಡಿಬಂದು ತನ್ನ ಏಪ್ರನ್ ಬಿಚ್ಚಿ ಅಮ್ಮನ ಸೊಂಟಕ್ಕೆ ಸುತ್ತಿದಳು, ಬೀದಿಯ ತುದಿಗೆ ಓಡಿ ಆಟೋ ಕರೆತಂದಳು. ಅಜ್ಜಿಗೆ ಮಂಡಿ ನೋವು, ಆಟೋ ಹತ್ತಲಾರರು. ಮುನಿಯಮ್ಮ ಹಾಲಿನ ಕ್ಯಾನನ್ನು ನಮ್ಮ ಪಡಸಾಲೆಯಲ್ಲಿಟ್ಟು ಅಮ್ಮನ ಜೊತೆ ಹತ್ತಿದಳು. ಆಟೋ ಹೊರಟಿತು. ಅಜ್ಜಿ ಒಳಗೆ ಹೋಗಿ ದೇವರಿಗೆ ಕಾಯಿ ತೆಗೆದಿರಿಸಿ, ಆಟೋ ಹೋದ ದಾರಿ ನೋಡಲು ತಿರುಗಿ ಹೊರಬಂದರು. ಅಲ್ಲಿ ನಮ್ಮ ಮೆಟ್ಟಿಲ ಮೇಲೆ, ನಮ್ಮ ಹೊಸ್ತಿಲ ಬುಡದಲ್ಲೇ, ಡೋರಿನ್ ಮಂಡಿಯೂರಿ ಕೂತು ಬಕೆಟ್ಟಿನ ನೀರು ಸುರಿದು ಬರಬರನೆ ತಿಕ್ಕುತ್ತಿದ್ದಳು. ಆಟೋದ ಹೊಗೆ ಇನ್ನೂ ಬೀದಿಯಲ್ಲಿತ್ತು.

"ಏನ ಮಾಡಿದೀ! ನನ್ನ ಸೊಸಿ ಇನ್ನೂ ಓಣಿ ದಾಟಿಲ್ಲ, ಏನ ಮಾಡಿದೀ ನಮ್ಮವ್ವ!"

ಅಜ್ಜಿ ಬಾಗಿಲಲ್ಲೇ ಕುಸಿದು ಕೂತು ಎದೆ ಬಡಿದುಕೊಂಡರು. ಸೊಸೆಯ ಚಿಂತೆಗೆ ಅಳುತ್ತಿದ್ದಾರೆಂದು ಡೋರಿನ್ ಒದ್ದೆ ಕೈಯಲ್ಲೇ ಭುಜ ಸವರಲು ಬಂದಳು. ಅಜ್ಜಿ ಅವಳ ಕೈಯನ್ನು ತಳ್ಳಿಬಿಟ್ಟರು.

ಸುದ್ದಿ ತಿಳಿದು ಮಿಲ್ಲಿನಿಂದ ಆಸ್ಪತ್ರೆಗೆ ಓಡಿದ್ದ ಅಪ್ಪ ಸಂಜೆ ಮನೆಗೆ ಬಂದರು. ಮಗು ಅಡ್ಡ ತಿರುಗಿದೆ, ಡಾಕ್ಟರು ಏನೂ ಹೇಳುತ್ತಿಲ್ಲ ಅಂದರು. ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಊಟ ಮಾಡಿರಲಿಲ್ಲ.

"ಅವ್ರು ಈ ಮನ್ಯಾಗ ಇರಬಾರದು."

"ಅವ್ವಾ, ಅಕಿಗೇನ ಗೊತ್ತು?"

"ಗೊತ್ತಿರಲಿ, ಇಲ್ಲದಿರಲಿ. ಬೆಂಕಿ ಗೊತ್ತಿಲ್ಲಂದ್ರ ಸುಡೂದಿಲ್ಲೇನು? ನಿನ್ನ ಹೇಣ್ತಿ ಹೊಸ್ತಲಾ ಒಳಗ ಕಾಲಿಡೂತನಕ ನಾನು ಯಾವ ಸುದ್ದೀನೂ ನಂಬೂದಿಲ್ಲ. ಅವ್ರಿಗೆ ಬ್ಯಾರೆ ಮನಿ ನೋಡ್ಕೊಳ್ಳಿಕ್ಕೆ ಹೇಳು."

ತಾಯಿಯ ಮಾತು ಮೀರುವವರಲ್ಲ ಅಪ್ಪ. ಎಡಗಡೆಯ ಬಾಗಿಲಿಗೆ ಹೋಗಿ ತಗ್ಗಿದ ದನಿಯಲ್ಲಿ ಹೇಳಿದರು. ಫ್ರ್ಯಾಂಕ್ ಕಾರಣ ಕೇಳದೆ ಆಗಲಿ ಎಂದು ತಲೆಯಾಡಿಸಿದ. ಕೊಡಿಗೇಹಳ್ಳಿ, ಹೆಬ್ಬಾಳ ಎಲ್ಲ ಸುತ್ತಿಬಂದವನು, ಇನ್ನು ಎಲ್ಲಿಗೆ ಹೋಗಬೇಕು? ಮಂಚದ ಕೆಳಗಿನ ಟ್ರಂಕನ್ನು ಎಳೆಯುವ ಸದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತು.

ಯಾಕೆಂದು ಡೋರಿನ್‌ಗೆ ಗೊತ್ತಾದದ್ದು ಮರುದಿನ, ಕ್ಯಾನು ತೆಗೆದುಕೊಳ್ಳಲು ಬಂದು ಅಜ್ಜಿಯ ಬಾಯಿಂದ ಎಲ್ಲ ಕೇಳಿದ್ದ ಮುನಿಯಮ್ಮನಿಂದ. "ಅಜ್ಜಿ ನನ್ ಮ್ಯಾಲೆ ಯಾಕ್ ಕ್ವಾಪ?" ಎಂದು ಕೇಳಿದ್ದಕ್ಕೆ ಮುನಿಯಮ್ಮ ಮಾತಲ್ಲಿ ಹೇಳಿ ಸಾಕಾಗಿ, ಅಂಗಳದಲ್ಲೇ ಅಂಗಾತ ಮಲಗಿ, ಕಾಲು ಜೋಡಿಸಿ, ಕಣ್ಣು ಮುಚ್ಚಿದಳು. ಆಮೇಲೆ ಎದ್ದು ನಾಲ್ಕು ಜನ ಹೊತ್ತು ಸಾಗಿದ ಹಾಗೆ ನಡೆದು ತೋರಿಸಿದಳು. ಕೊನೆಗೆ ಬಗ್ಗಿ ಮೆಟ್ಟಿಲು ತೊಳೆದು ತೋರಿಸಿದಳು. ಬೇರೆ ಯಾವತ್ತಾದರೂ ಆಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಡೋರಿನ್ ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. ಆಮೇಲೆ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ನನಗೂ ಮುನಿಯಮ್ಮನಿಗೂ ಸೇರಿಸಿ ಹೇಳಿದಳು. ಅವರ ಬೀದಿಯಲ್ಲಿ ಹೆಂಗಸೊಬ್ಬಳು ಹೆರಿಗೆಗೆ ಹೋದರೆ ಅವಳ ಮೆಟ್ಟಿಲನ್ನು ಪಕ್ಕದ ಮನೆಯವಳು ತೊಳೆಯುತ್ತಾಳೆ. ತೊಳೆಯಲಿಲ್ಲವೆಂದರೆ ಅವಳಿಗೆ ಯಾರೂ ಇಲ್ಲ ಎಂದು ಅರ್ಥ.

"ನಂಗೆ ಯಾರೂ ಏಳ್ಲಿಲ್ಲ," ಅಂದಳು. "ಯಾರೂ ಏಳ್ಲಿಲ್ಲ."

ಆ ದಿನದಿಂದ ಅವಳು ಬಕೆಟ್ಟು ಹಿಡಿಯಲಿಲ್ಲ. ತನ್ನ ಮೆಟ್ಟಿಲನ್ನೂ ಮುಟ್ಟಲಿಲ್ಲ. ಫ್ರ್ಯಾಂಕನ ಬೂಟಿನ ಕೆಸರು, ಗ್ರೀಸು, ಮುತ್ತುಗದ ಒಣಗಿದ ಎಲೆ, ಎಲ್ಲ ಹಾಗೇ ಬಿದ್ದವು. ಬಿಳಿ ಅಂಚು ಮಾಸಿ ಕಲ್ಲಿನ ಬಣ್ಣಕ್ಕೆ ತಿರುಗಿತು. ಆಸ್ಪತ್ರೆಯಿಂದ ಒಳ್ಳೆಯ ಸುದ್ದಿಯೇ ಬಂತು. ಹೊಟ್ಟೆ ಕೊಯ್ದು ಗಂಡು ಮಗುವನ್ನು ತೆಗೆದರು, ಆದರೆ ಅಮ್ಮನಿಗೆ ಜ್ವರ ಇಳಿಯುತ್ತಿರಲಿಲ್ಲ, ಮಗುವೂ ಹಿಡಿಯಷ್ಟೇ ಇತ್ತು. ಅಜ್ಜಿ ಸಕ್ಕರೆ ಹಂಚಲಿಲ್ಲ. ಮೊದಲು ಸೊಸೆ ಹೊಸ್ತಿಲೊಳಗೆ ಕಾಲಿಡಲಿ ಅಂದರು. ಫ್ರ್ಯಾಂಕ್ ಸಂಜೆ ಮನೆ ಹುಡುಕಲು ಹೋಗಿ ಸಿಳ್ಳೆಯಿಲ್ಲದೆ ಹಿಂದಿರುಗುತ್ತಿದ್ದ. ಟ್ರಂಕು ಜಗಲಿಗೆ ಬಂದಿತ್ತು. ಒಂದು ಬೆಳಿಗ್ಗೆ ನಾನು ಹೂವಿಡಲು ದೇವರ ಗೂಡಿಗೆ ಹೋದಾಗ ಅಜ್ಜಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಪುಟ್ಟ ಹಣತೆಯೂ ಉರಿಯುತ್ತಿತ್ತು.

"ಅಜ್ಜಿ, ಅವ್ರನ್ನ ಹೋಗಂತ ಹೇಳಿ, ಮತ್ತ ಇದು?"

"ಮನಿ ಬಿಡು ಅಂದೀನಿ, ಜೀವಾ ಬಿಡು ಅಂದಿಲ್ಲ," ಎಂದು ಬತ್ತಿಯನ್ನು ಮುಂದಕ್ಕೆ ತಳ್ಳಿದರು. ನನಗೆ ಆ ಮಾತಿನಿಂದ ಎಷ್ಟು ಸಮಾಧಾನವಾಯಿತೆಂದರೆ, ಆ ದೀಪ ಉರಿಯುವವರೆಗೆ ಏನೂ ಕೆಡುವುದಿಲ್ಲ ಎಂದು ಅಂದೇ ಅನ್ನಿಸಿಬಿಟ್ಟಿತು. ಈಗಲೂ ಕಷ್ಟ ಬಂದಾಗ ನಾನು ದೊಡ್ಡ ದೀಪವನ್ನು ನೋಡುವುದಿಲ್ಲ, ಪಕ್ಕದಲ್ಲಿ ಯಾವುದಾದರೂ ಸಣ್ಣದು ಉರಿಯುತ್ತಿದೆಯೇ ಎಂದು ಹುಡುಕುತ್ತೇನೆ.

ಅಮ್ಮ ಬಂದರು. ಅಪ್ಪ ಕೈ ಹಿಡಿದು ಇಳಿಸಿದರು. ಎದೆಗವಚಿದ ಬಟ್ಟೆಯೊಳಗಿಂದ ನನ್ನ ತಮ್ಮನ ಮೂಗು ಮಾತ್ರ ಕಾಣುತ್ತಿತ್ತು. ಅಜ್ಜಿ ಅರಿಸಿನ ಸುಣ್ಣ ಕಲಸಿದ ಕೆಂಪು ನೀರಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಡಗಡೆಯ ಬಾಗಿಲು ಮುಚ್ಚಿತ್ತು. ತನ್ನ ಕಣ್ಣು ಮಗುವಿನ ಮೇಲೆ ಬೀಳದಿರಲೆಂದು ಡೋರಿನ್ ಒಳಗೇ ಕೂತಿದ್ದಳು. ಅಮ್ಮ ಮೆಟ್ಟಿಲ ಬುಡದಲ್ಲಿ ನಿಂತವರು ಹತ್ತಲಿಲ್ಲ. ಎಡಗಡೆಯ ಹೊಲಸು ಮೆಟ್ಟಿಲನ್ನೂ ಜಗಲಿಯ ಮೇಲಿನ ಟ್ರಂಕನ್ನೂ ನೋಡಿದರು.

"ಅತ್ಯಾ, ಇದೇನು? ಡೋರಿನ್‌ಗೆ ಮೈಯಾಗ ಹುಷಾರಿಲ್ಲೇನು?"

ಅಜ್ಜಿ ಹೇಳಿದರು. ಅಮ್ಮ ಕೇಳಿಸಿಕೊಂಡರು. ಮನೆಗೆ ಬಂದಾಗಿನಿಂದ ಅತ್ತೆಗೆ ಎದುರು ಮಾತಾಡದ ಅಮ್ಮ ಅಂದು ಬೀದಿಯಲ್ಲಿ ನಿಂತು ಮಾತಾಡಿದರು.

"ಅತ್ಯಾ, ಆಟೋದಾಗ ನನಗ ಬ್ಯಾನಿಕಿಂತ ಒಂದ ಚಿಂತಿ ಹೆಚ್ಚಾಗಿತ್ತು. ಮೆಟ್ಟಲಾ ಹಂಗ ಬಿಟ್ಟು ಬಂದೀನಿ, ಎದುರಿಗೆ ಗಂಡಸರು ಕೂತಾರ, ಅವ್ರೆಲ್ಲ ನೋಡ್ತಾರ, ನೊಣಾ ಮುತ್ತತಾವ ಅಂತ. ನಿಮಗ ಬಗ್ಗಲಿಕ್ಕೆ ಬರೂದಿಲ್ಲ, ಈ ಹುಡುಗಿ ಇನ್ನೂ ಸಣ್ಣದು. ಅಕಿ ತೊಳದ್ಲಂತ ಮುನಿಯಮ್ಮ ಮರುದಿನ ಆಸ್ಪತ್ರಿಗೆ ಬಂದು ಹೇಳಿದ ಮ್ಯಾಲೇ ನಾನು ಕಣ್ಣ ಮುಚ್ಚಿದ್ದು. ಅಕಿ ನನ್ನ ಮಾನಾ ಮುಚ್ಚ್ಯಾಳ ಅತ್ಯಾ."

ಆ ಮೆಟ್ಟಿಲ ಮೇಲೆ ಬಿದ್ದದ್ದೇನೆಂದು ಹೆಣ್ಣಾಗಿ ಅಜ್ಜಿಗೂ ಗೊತ್ತಿತ್ತು. ಶಕುನದ ಭಯದಲ್ಲಿ ಅದೊಂದನ್ನು ಮರೆತಿದ್ದರು. ತಟ್ಟೆ ಹಿಡಿದೇ ಎಡಗಡೆಗೆ ತಿರುಗಿ ಕೂಗಿದರು.

"ಏ ದೊರೆಸಾನಿ! ಬಾ ಹೊರಗ!"

ಬಾಗಿಲು ಒಂದಿಷ್ಟೇ ತೆರೆಯಿತು.

"ಬಾ ಅಂದ್ರ ಬಾ. ಇಲ್ಲಿ ನಿಲ್ಲು, ಇಕಿ ಬಾಜೂಕ."

ಅಜ್ಜಿ ಅಮ್ಮನಿಗೆ, ಮಗುವಿಗೆ, ಅವರ ಪಕ್ಕ ತಲೆ ತಗ್ಗಿಸಿ ನಿಂತ ಡೋರಿನ್‌ಗೆ, ಮೂವರಿಗೂ ಸೇರಿಸಿ ಆರತಿ ಎತ್ತಿದರು. ಕೆಂಪು ನೀರಿನಲ್ಲಿ ಬೆರಳದ್ದಿ ಮೂವರ ಹಣೆಗೂ ಹಚ್ಚಿದರು. ಆಮೇಲೆ ಅಪ್ಪನ ಕಡೆ ತಿರುಗಿ, ತೀರ್ಪು ಓದುವವರ ಹಾಗೆ ಹೇಳಿದರು.

"ಅವತ್ತು ಈ ಮೆಟ್ಟಲಾ ಹತ್ತಿ ಯಮ ಬಂದಿದ್ದ. ಅಕಿ ತೊಳದದ್ದು ಅಂವನ ಹೆಜ್ಜಿ. ಅದಕ್ಕ ಅಂವಗ ವಾಪಸ್ ಬರಲಿಕ್ಕೆ ದಾರಿ ಸಿಗಲಿಲ್ಲ. ಟ್ರಂಕ್ ಒಳಗ ಇಡಸು."

ಅಪ್ಪ ನಕ್ಕದ್ದನ್ನು ಎಷ್ಟೋ ದಿನಗಳ ಮೇಲೆ ನೋಡಿದೆ. ಅಜ್ಜಿ ಮಾತ್ರ ನಗಲಿಲ್ಲ. ಒಂದು ಕರಾರು ಹಾಕಿದರು, ಅದನ್ನು ಮುನಿಯಮ್ಮ ಡೋರಿನ್‌ಗೆ ವಿವರಿಸಿದಳು. ಇನ್ನು ಮುಂದೆ ಯಾರೇ ಹೊರಟರೂ, ಅವರು ಮುಟ್ಟಿದ ಸುದ್ದಿ ಬಂದ ಮೇಲೆ ಮೆಟ್ಟಿಲು ತೊಳೆಯಬೇಕು. ಫ್ರ್ಯಾಂಕ್ ಮಿಲ್ಲು ಮುಟ್ಟಿದ್ದು ಗೊತ್ತಾಗುವುದು ಹೇಗೆ? ಅದಕ್ಕೆ ಪಾಳಿ ಶುರುವಾಗುವಾಗ ಮೊಳಗುವ ಮಿಲ್ಲಿನ ಸೈರನ್ನಿನ ಕೂಗು ಇತ್ತು. ಮರುದಿನದಿಂದ ಡೋರಿನ್ ಬಕೆಟ್ಟು ತುಂಬಿಸಿಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿ, ಮಂಡಿಯೂರಿ ಕೂತು ಕಾಯುವಳು. ದೊಡ್ಡಬಳ್ಳಾಪುರ ರಸ್ತೆಯ ಕಡೆಯಿಂದ ಕೂಗು ಕೇಳಿದೊಡನೆ ಕಿಟಕಿಯಿಂದ ಅಜ್ಜಿ, "ಹೂಂ, ಮುಟ್ಟಿದ!" ಅನ್ನುವರು. ಬ್ರಷ್ಷು ಶುರುವಾಗುವುದು. ಅವಳು ಊರಿನಿಂದ ತಂದಿದ್ದ ಕಲ್ಲುಗಳು ಸವೆದು ಮುಗಿದಾಗ ಅಜ್ಜಿ ತಮ್ಮ ರಂಗೋಲಿ ಕಲ್ಲಿನ ಗಟ್ಟಿಯನ್ನೇ ಕೊಟ್ಟರು. ಅದರ ಅಂಚು ಮೊದಲಿನದಕ್ಕಿಂತ ಬೆಳ್ಳಗೆ ಬಂತು.

ಅಜ್ಜಿ ಹೋದ ಮೇಲೂ ಹಣತೆ ಹಚ್ಚುವ ಕೆಲಸ ಅಮ್ಮನ ಪಾಲಿಗೆ ಬಂದು ನಡೆದೇ ಇತ್ತು. ನನ್ನ ಮದುವೆ ಆದದ್ದು ಆ ಮನೆಯ ಅಂಗಳದಲ್ಲೇ ಚಪ್ಪರ ಹಾಕಿ. ಗದಗಿನ ಕಡೆಗೆ ಕೊಟ್ಟರು. ಹೊರಡುವ ದಿನ ಮೆಟ್ಟಿಲುಗಳ ಸ್ಥಿತಿ ಹೇಳತೀರದು. ಕಾಲಡಿಗೆ ಸಿಕ್ಕ ಹೂವು, ಅಕ್ಷತೆ, ಎಲೆಅಡಿಕೆಯ ಉಗುಳು, ಮಕ್ಕಳು ಚೆಲ್ಲಿದ ಪಾಯಸ. ನಾನು ಎಲ್ಲರ ಕಾಲಿಗೆರಗಿ, ಡೋರಿನ್ ಕಾಲಿಗೂ ಎರಗಿ, "ಹೋಗಿ ಬರ್ತೀನಿ ಆಂಟಿ" ಅಂದೆ. "ವೋಗಿ ಬಾ," ಅಂದಳು, ಮುನಿಯಮ್ಮನ ಕನ್ನಡದಲ್ಲಿ. ಅವಳ ಕಣ್ಣು ನನ್ನ ಮೇಲೂ ಇತ್ತು, ಮೆಟ್ಟಿಲ ಮೇಲೂ ಇತ್ತು. ಕೈ ಚಡಪಡಿಸುತ್ತಿದ್ದುದನ್ನು ನಾನು ಕಂಡೆ.

ಗಂಡನ ಊರಿನಲ್ಲಿ ಆಗ ಫೋನಿರಲಿಲ್ಲ. ನಾನು ಕ್ಷೇಮವಾಗಿ ಮುಟ್ಟಿದೆನೆಂಬ ತಂತಿ ಯಲಹಂಕಕ್ಕೆ ತಲುಪುವುದು ತಡವಾಯಿತು. ಅಷ್ಟು ದಿನ ಏನಾಯಿತೆಂದು ಮೊದಲ ಸಲ ತವರಿಗೆ ಹೋದಾಗ ಅಮ್ಮ ಹೇಳಿದರು. ಚಪ್ಪರ ಬಿಚ್ಚಿದವರು ಮೆಟ್ಟಿಲಿಗೆ ನೀರು ಹಾಕಲು ಹೋದರೆ ಡೋರಿನ್ ಪೊರಕೆ ಕಿತ್ತುಕೊಂಡಳಂತೆ. ಅಮ್ಮನೇ, ಹುಡುಗಿ ಮುಟ್ಟಿರ್ತಾಳ, ತೊಳಿ ಅಂದರೂ ಕೇಳಲಿಲ್ಲವಂತೆ. ಇರುವೆ ಮುತ್ತಿದವು, ಹೂವು ಕೊಳೆಯಿತು, ಬೀದಿಯವರು ಮೂಗು ಮುಚ್ಚಿಕೊಂಡು ಹೋದರು. ಅವಳು ತುಂಬಿದ ಬಕೆಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಮೇಲಿನ ಮೆಟ್ಟಿಲಲ್ಲಿ ಕೂತೇ ಇದ್ದಳಂತೆ. ಮೆಟ್ಟಿಲು ಹೊಲಸಾದರೆ ಹೆಂಗಸಿಗೆ ಮರ್ಯಾದೆ ಇಲ್ಲವೆಂದು ಹುಟ್ಟಿನಿಂದ ನಂಬಿದವಳು, ಇಡೀ ಬೀದಿಯ ಎದುರು ಆ ಹೊಲಸಿನ ಮೇಲೆ ನನಗಾಗಿ ಕೂತಿದ್ದಳು.

ತಂತಿ ತಂದ ಅಂಚೆಯವನು ಮೆಟ್ಟಿಲ ಬುಡಕ್ಕೆ ಬರುತ್ತಿದ್ದಂತೆ ಅಮ್ಮ ಒಳಗಿನಿಂದ ಓಡಿಬಂದು ಓದಿದರಂತೆ. ಡೋರಿನ್ ಅಮ್ಮನ ಮುಖವನ್ನೇ ನೋಡುತ್ತ ಕೇಳಿದಳಂತೆ,

"ಮುಟ್ಟಿದ್ಲಾ?"

"ಮುಟ್ಟ್ಯಾಳ."

ಆಗ ತಲೆಗೆ ಬಟ್ಟೆ ಕಟ್ಟಿಕೊಂಡು, ಬ್ರಷ್ಷು ಎತ್ತಿಕೊಂಡಳಂತೆ.